ಎಕ್ಸ್‌ಚೇಂಜ್ ಅಕ್ಕ ಮತ್ತು ಎರಡು ಸಿಲಿಂಡರಿನ ಗಾಡಿ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರು ಕಡಿಮೆ. ಹದಿನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವಳು, ಹಾಗಾಗಿ ಎಲ್ಲರಿಗೂ ಎಕ್ಸ್‌ಚೇಂಜ್ ಅಕ್ಕ. ಆ ಕಟ್ಟಡದಲ್ಲಿ ಈಗ ಚಪ್ಪಲಿ ಅಂಗಡಿ ಇದೆ. ಹೆಸರು ಮಾತ್ರ ಅಂಟಿಕೊಂಡೇ ಉಳಿದಿದೆ.

ಅಲ್ಲಿ ಉದ್ದನೆಯ ಒಂದು ಬೋರ್ಡಿನ ಮುಂದೆ ಏಳು ಜನ ಹೆಂಗಸರು ಸಾಲಾಗಿ ಕೂರುತ್ತಿದ್ದರು. ತಲೆಯ ಮೇಲೆ ಹೆಡ್‌ಫೋನಿನ ಪಟ್ಟಿ, ಕೈಯಲ್ಲಿ ತುದಿಗೆ ಹಿತ್ತಾಳೆ ಮೊಳೆಯಿದ್ದ ವೈರು. ಯಾರೋ ದೂರದ ಊರಿಗೆ ಕರೆ ಕೇಳಿದರೆ ಈ ತೂತಿನಿಂದ ಆ ತೂತಿಗೆ ವೈರು ಸಿಕ್ಕಿಸಬೇಕು. ಎರಡು ನಿಮಿಷಕ್ಕೊಮ್ಮೆ ಲೈನು ಜೀವಂತ ಇದೆಯೇ ಎಂದು ಕಿವಿ ಹಾಕಬೇಕು. ಅವರ ಮೇಲಿನ ಅಧಿಕಾರಿಣಿ ಬಹಳ ಶಿಸ್ತಿನ ಹೆಂಗಸು. ಹೊಸಬರು ಬಂದಾಗಲೆಲ್ಲ ಆಕೆ ಹೇಳುತ್ತಿದ್ದುದು ಒಂದೇ: "ಮಾತು ಕೇಳಬಾರದು. ಲೈನು ಕೇಳಬೇಕು." ಅಕ್ಕ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಯಾರ ಮನೆಯಲ್ಲಿ ಯಾರಿಗೆ ಮದುವೆ, ಯಾರಿಗೆ ಕಾಯಿಲೆ ಎಂಬುದು ಅವಳ ತಲೆಯಲ್ಲಿ ಉಳಿಯಲಿಲ್ಲ. ಉಳಿದದ್ದು ಸದ್ದು. ಮಳೆ ಬಂದಾಗ ಲೈನು ಹೇಗೆ ಗೊರಗೊರ ಅನ್ನುತ್ತದೆ, ಜೋಡಣೆ ಸಡಿಲವಾದರೆ ಎಲ್ಲಿ ಸಣ್ಣಗೆ ಚಿಟಿಕೆ ಹೊಡೆದಂತಾಗುತ್ತದೆ, ಆ ತುದಿಯವರು ಮಾತಾಡದೆ ಬರೀ ಉಸಿರಾಡುತ್ತಿದ್ದಾರೋ ಇಲ್ಲ ಲೈನೇ ಸತ್ತಿದೆಯೋ, ಇದೆಲ್ಲ ಅವಳಿಗೆ ಅಂಗೈಯ ಗೆರೆಯಷ್ಟೇ ಪರಿಚಯ.

"ಯಂತ್ರವನ್ನು ನಂಬಿ ಯಾರಾದರೂ ಫೋನ್ ಮಾಡ್ತಾರೇನ್ರೇ?" ಎಂದು ಅಧಿಕಾರಿಣಿ ನಗುತ್ತಿದ್ದ ಹಾಗೆಯೇ ಆಟೊಮ್ಯಾಟಿಕ್ ಎಕ್ಸ್‌ಚೇಂಜ್ ಬಂತು. ಒಂದು ಸೋಮವಾರ ಬೆಳಿಗ್ಗೆ ಬೋರ್ಡಿನ ಮೇಲೆ ಬಟ್ಟೆ ಹೊದಿಸಿದ್ದರು. ಏಳೂ ಜನಕ್ಕೆ ಬೇರೆ ವಿಭಾಗದಲ್ಲಿ ಕಾಗದ ಜೋಡಿಸುವ ಕೆಲಸ ಕೊಟ್ಟರು. ಅಕ್ಕ ಎರಡು ತಿಂಗಳು ಕೂತಳು. ಸದ್ದೇ ಇಲ್ಲದ ಆ ಕೋಣೆಯಲ್ಲಿ ಅವಳಿಗೆ ಉಸಿರು ಕಟ್ಟಿದಂತಾಗುತ್ತಿತ್ತು. ಮೂರನೇ ತಿಂಗಳು ರಾಜೀನಾಮೆ ಬರೆದುಕೊಟ್ಟು ಮನೆಗೆ ಬಂದಳು.

ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಬಾಗಿಲು ತೆರೆದರೆ ನೇರ ಗಂಡನ ಶೆಡ್ಡು. ಗಂಡ ಮೋಟರ್‌ಸೈಕಲ್ ಮೆಕ್ಯಾನಿಕ್, ಎಲ್ಲರ ಬಾಯಲ್ಲಿ ಮೇಸ್ತ್ರಿ. ಕಾರ್ಬುರೇಟರಿನ ವಿಷಯದಲ್ಲಿ ಅವನನ್ನು ಮೀರಿಸುವವರು ಆ ಊರಲ್ಲಿ ಇರಲಿಲ್ಲ. ಗಾಡಿ ನಿಂತಲ್ಲೇ ಓಡುತ್ತಿರುವಾಗ ಕಣ್ಣು ಮುಚ್ಚಿ, ಗಾಳಿಯ ತಿರುಪನ್ನು ಒಂದಿಷ್ಟು ಒಳಗೆ, ಒಂದಿಷ್ಟು ಹೊರಗೆ ತಿರುಗಿಸುತ್ತಿದ್ದ. ತತ್ತರಿಸುತ್ತಿದ್ದ ಇಂಜಿನ್ನು ಅತ್ತು ಸುಸ್ತಾದ ಮಗು ನಿದ್ದೆಗೆ ಜಾರಿದ ಹಾಗೆ ಸಮಾಧಾನಕ್ಕೆ ಬರುತ್ತಿತ್ತು. ಆಮೇಲೆ ಸೀಟಿನ ಮೇಲೆ ತುಂಬಿದ ಚಹಾದ ಲೋಟ ಇಡುವುದು. ಚಹಾ ಚೆಲ್ಲದಿದ್ದರೆ ಕೆಲಸ ಮುಗಿಯಿತು.

ಮನೆಯಲ್ಲಿ ಸುಮ್ಮನೆ ಕೂರಲಾರದೆ ಅಕ್ಕ ಶೆಡ್ಡಿನ ಮೂಲೆಯ ಮೇಜಿನ ಹಿಂದೆ ಕೂತು ಗಿರಾಕಿಗಳ ದೂರು ಬರೆದುಕೊಳ್ಳತೊಡಗಿದಳು. ಒಂದು ದಿನ ಮೇಸ್ತ್ರಿ ಎರಡು ಸಿಲಿಂಡರಿನ ಗಾಡಿಯೊಂದನ್ನು ಸರಿಮಾಡಿ, ಲೋಟ ಇಟ್ಟು, ಕೈ ಒರೆಸಿಕೊಳ್ಳುತ್ತಿದ್ದ.

"ರೀ, ಅದು ಸರಿ ಆಗಿಲ್ಲ," ಅಂದಳು ಅಕ್ಕ ತಲೆ ಎತ್ತದೆ.

"ಏನೇ ಸರಿ ಆಗಿಲ್ಲ? ಚಹಾ ನೋಡು, ಒಂದು ಹನಿ ಚೆಲ್ಲಿಲ್ಲ."

"ಚಹಾ ಸರಿಯಾಗಿದೆ. ಆದರೆ ಅಲ್ಲಿ ಒಬ್ಬರು ಮಾತಾಡ್ತಿದ್ದಾರೆ, ಇನ್ನೊಬ್ಬರು ಬರೀ ಹೂಂ ಅಂತಿದ್ದಾರೆ."

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಬೆರಳನ್ನು ನೀರಲ್ಲಿ ಅದ್ದಿ ಎರಡೂ ಹೊಗೆ ಕೊಳವೆಗಳನ್ನು ಮುಟ್ಟಿ ನೋಡಿದ. ಒಂದು ಚುರ್ ಅಂದಿತು. ಇನ್ನೊಂದು ಅನ್ನಲಿಲ್ಲ. ಆ ಕಡೆಯ ಸಿಲಿಂಡರು ಅರ್ಧಕ್ಕರ್ಧ ಕೆಲಸಗಳ್ಳ. ಅವನ ನಗು ನಿಂತಿತು. ಅವತ್ತಿನಿಂದ ಎರಡು ಸಿಲಿಂಡರಿನ ಗಾಡಿ ಬಂದರೆ, "ಬಾರೇ, ಯಾರು ಹೂಂ ಅಂತಿದ್ದಾರೆ ಹೇಳು," ಎಂದು ಅವನೇ ಕರೆಯುತ್ತಿದ್ದ.

ವರ್ಷಗಳು ಉರುಳಿದವು. ಪೆಟ್ರೋಲ್ ಇಂಜೆಕ್ಷನ್ನಿನ ಗಾಡಿಗಳು ಬರತೊಡಗಿದವು. ಮೊದಲನೆಯದನ್ನು ಬಿಚ್ಚಿ ನೋಡಿದ ಮೇಸ್ತ್ರಿಗೆ ಬುಡವೂ ಹತ್ತಲಿಲ್ಲ, ತುದಿಯೂ ಹತ್ತಲಿಲ್ಲ. ಕಾರ್ಬುರೇಟರ್ ಇರಬೇಕಾದ ಕಡೆ ಗಾಳಿ ಒಳಗೆಳೆಯುವ ಎರಡು ಅಲ್ಯುಮಿನಿಯಂ ಗಂಟಲು, ಅವುಗಳ ಪಕ್ಕದಲ್ಲಿ ಸೂಜಿಮದ್ದಿನಂತೆ ಚುಚ್ಚಿಟ್ಟ ನಳಿಗೆ, ಸೀಟಿನ ಕೆಳಗೆ ಬೀಗ ಹಾಕಿದಂಥ ಕಪ್ಪು ಡಬ್ಬಿ, ಎಲ್ಲೆಲ್ಲೂ ವೈರು. "ಇದಕ್ಕೆ ಸೂಜಿ ಚುಚ್ಚಿದ್ದಾರಪ್ಪ. ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ," ಎಂದು ಗಾಡಿಯ ಮಾಲೀಕನನ್ನು ಸಾಗಹಾಕಿದ. ಮಾರನೇ ದಿನ ಶೆಡ್ಡಿನ ಬಾಗಿಲಿಗೆ ಹಲಗೆ ತೂಗುಹಾಕಿದ: "ಇಂಜೆಕ್ಷನ್ ಗಾಡಿ ಇಲ್ಲಿ ನೋಡುವುದಿಲ್ಲ." ಓದಿದವರು ಮುಸಿಮುಸಿ ನಗುತ್ತಾ ಹೋದರು. ಅಕ್ಕನಿಗೆ ಮಾತ್ರ ನಗು ಬರಲಿಲ್ಲ. ಬೋರ್ಡಿಗೆ ಬಟ್ಟೆ ಹೊದಿಸುವ ಹಿಂದಿನ ದಿನದವರೆಗೂ ನಗುತ್ತಿದ್ದವರನ್ನು ಅವಳು ನೋಡಿದ್ದಳು. ಅದನ್ನು ಗಂಡನಿಗೆ ಹೇಳಲು ಮನಸ್ಸು ಬರಲಿಲ್ಲ, ಅಷ್ಟೆ.

ಹಲಗೆ ನೇತುಹಾಕಿ ಎರಡು ವರ್ಷವಾಗಿರಬೇಕು. ಒಂದು ಬೆಳಿಗ್ಗೆ ಸರ್ವೇಯರ್ ಒಬ್ಬ ತನ್ನ ಗಾಡಿಯನ್ನು ತಳ್ಳಿಕೊಂಡು ಬಂದ. ಎತ್ತರದ ಆಳು, ಮೆದು ಮಾತು, ಬಿಸಿಲಿಗೆ ಕಂದಿದ ಮುಖ. ಗಾಡಿ ದೂರದ ದೊಡ್ಡ ಊರಿನಲ್ಲಿ ಯಾರೋ ಹತ್ತು ವರ್ಷ ಓಡಿಸಿ ಬಿಟ್ಟದ್ದು, ಈ ಊರು ಇಂಜೆಕ್ಷನ್ ನೋಡುವುದಕ್ಕೂ ಮುಂಚಿನ ಮೊದಮೊದಲ ಕಾಲದ್ದು, ಎರಡು ಸಿಲಿಂಡರಿನದು.

"ಓಡುವಾಗ ಏನೂ ತೊಂದರೆ ಇಲ್ಲ," ಅಂದ ಅವನು. "ನಿಂತರೇ ತೊಂದರೆ. ಬೆಳಿಗ್ಗೆ ತಣ್ಣಗಿದ್ದಾಗ ಐಡ್ಲಿಂಗ್ ನಿಲ್ಲದೆ ಆಫ್ ಆಗತ್ತೆ. ಬಿಸಿಯಾದ ಮೇಲೆ ತಾನೇ ತಾನಾಗಿ ರೇಸ್ ಏರತ್ತೆ. ಸಿಗ್ನಲ್ಲಿನಲ್ಲಿ ಮಗು ತೂಗಿದ ಹಾಗೆ ಆಕ್ಸಿಲರೇಟರ್ ಹಿಡ್ಕೊಂಡೇ ನಿಂತಿರ್ತೀನಿ. ಮೂರು ಕಡೆ ತೋರಿಸಿದೆ. ಹಳೇ ಇಂಜೆಕ್ಷನ್ನು, ಹೀಗೇ ಅಂತಾರೆ."

ಮೇಸ್ತ್ರಿ ಹಲಗೆಯ ಕಡೆ ಬೆರಳು ತೋರಿಸಿದ. ಸರ್ವೇಯರ್ ತಲೆಯಾಡಿಸಿ ಗಾಡಿ ತಿರುಗಿಸಿದ.

"ಬಿಟ್ಟು ಹೋಗಿ," ಅಂದಳು ಅಕ್ಕ ಮೇಜಿನ ಹಿಂದಿನಿಂದ. "ಒಂದು ವಾರ ಕೊಡಿ. ಆ ಗಾಡಿಯ ಪುಸ್ತಕ ಎಲ್ಲಾದರೂ ಸಿಕ್ಕರೆ ತಂದುಕೊಡಿ."

ಮೇಸ್ತ್ರಿ ಮುಖ ಗಂಟು ಹಾಕಿಕೊಂಡ. ತನ್ನ ಶೆಡ್ಡಿನಲ್ಲಿ ತಾನು ಬೇಡವೆಂದದ್ದು ಒಳಗೆ ಬಂತಲ್ಲ! ಅವತ್ತಿನಿಂದ ಹೆಂಡತಿಯ ಜೊತೆ ಮಾತಿಲ್ಲ. ಊಟಕ್ಕೆ ಕೂತಾಗ ಪಕ್ಕದಲ್ಲೇ ಇದ್ದ ಅವಳನ್ನು ಬಿಟ್ಟು ತಾಯಿಗೆ ಹೇಳಿದ: "ಅಮ್ಮಾ, ನೀರು ಬೇಕು ಅಂತ ಅವಳಿಗೆ ಹೇಳು."

ಅತ್ತೆಗೆ ಆಗಲೇ ಎಪ್ಪತ್ತೈದು ದಾಟಿತ್ತು. ನಾಲಿಗೆ ಮಾತ್ರ ಇಪ್ಪತ್ತೈದರದು. "ನಾನೇನು ಎಕ್ಸ್‌ಚೇಂಜಾ? ನೇರವಾಗಿ ಮಾತಾಡ್ಕೊಳ್ಳಿ," ಅಂದಳು. ಅಕ್ಕ ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಓಡಿದಳು.

ಸರ್ವೇಯರ್ ತಂದುಕೊಟ್ಟ ಪುಸ್ತಕ ಇಟ್ಟಿಗೆಯಷ್ಟು ದಪ್ಪ. ಭಾಷೆ ಅವಳಿಗೆ ಅರ್ಧಂಬರ್ಧ ತಿಳಿಯುವಂಥದ್ದು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ಓದಿದಳು. ಎರಡು ಗಂಟಲುಗಳೂ ಒಂದೇ ಸಮ ಗಾಳಿ ಎಳೆಯುತ್ತಿವೆಯೇ ಎಂದು ನೋಡಲು ಒಂದು ಉಪಕರಣ ಬೇಕೆಂದಿತ್ತು. ಅದು ಆ ಊರಲ್ಲಿ ಎಲ್ಲಿ ಸಿಗಬೇಕು? ಹಾರ್ಡ್‌ವೇರ್ ಅಂಗಡಿಯಿಂದ ಪಾರದರ್ಶಕ ಕೊಳವೆ ತಂದು, ಅದನ್ನು ಒಂದು ಮರದ ಪಟ್ಟಿಗೆ ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿಸಿ ಕಟ್ಟಿ, ಒಳಗೆ ಇಂಜಿನ್ ಆಯಿಲ್ ತುಂಬಿ, ಎರಡು ತುದಿಗಳನ್ನೂ ಎರಡು ಗಂಟಲಿಗೆ ಸಿಕ್ಕಿಸಿದಳು. ಯಾವ ಕಡೆ ಎಳೆತ ಜಾಸ್ತಿಯೋ ಆ ಕಡೆ ಎಣ್ಣೆ ಏರಬೇಕು. ಮೊದಲ ಸಲ ಗಾಡಿ ಚಾಲೂ ಮಾಡಿದ್ದೇ ತಡ, ಎಣ್ಣೆ ಸರ್ರನೆ ಏರಿ ಇಂಜಿನ್ನಿನ ಹೊಟ್ಟೆಗೇ ಹೋಯಿತು. ಶೆಡ್ಡೆಲ್ಲ ಬೆಳ್ಳನೆ ಹೊಗೆ. ಅತ್ತೆ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದಳು.

"ಏನು, ಸೊಳ್ಳೆ ಓಡಿಸ್ತಿದ್ದೀಯಾ?"

ಮೂಲೆಯಲ್ಲಿ ಬೆನ್ನು ತಿರುಗಿಸಿ ವಾಲ್ವ್ ಉಜ್ಜುತ್ತಿದ್ದ ಮೇಸ್ತ್ರಿಯ ಭುಜ ಅಲುಗಿತು. ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ.

ಅಕ್ಕ ಕೊಳವೆ ಉದ್ದ ಮಾಡಿ ಮತ್ತೆ ಕಟ್ಟಿದಳು. ಹಾಗೆ ನೋಡುತ್ತಿರುವಾಗಲೇ ಗಂಟಲಿನ ಬುಡದ ಒಂದು ಸಣ್ಣ ತಿರುಪು ಕಣ್ಣಿಗೆ ಬಿತ್ತು. ಅದರ ತಲೆಯ ಮೇಲೆ ಫ್ಯಾಕ್ಟರಿಯಲ್ಲಿ ಇಟ್ಟಿದ್ದ ಬಿಳಿ ಬಣ್ಣದ ಚುಕ್ಕೆ ಒಡೆದುಹೋಗಿತ್ತು. ಪುಸ್ತಕದಲ್ಲಿ ಆ ತಿರುಪಿನ ಚಿತ್ರದ ಪಕ್ಕ ದಪ್ಪ ಅಕ್ಷರದಲ್ಲಿ ಬರೆದಿತ್ತು: ಮುಟ್ಟಬಾರದು. ಐಡ್ಲಿಂಗ್ ಏರಿಸಲು ಮೂರು ವರ್ಕ್‌ಶಾಪಿನವರೂ ಅದನ್ನೇ ತಿರುಗಿಸಿದ್ದರು. ನೋಡುವವರಿಗೆ ಅದು ಹಳೇ ಗಾಡಿಯ ಐಡ್ಲಿಂಗ್ ತಿರುಪಿನ ಹಾಗೇ ಕಾಣುತ್ತಿತ್ತು, ಅವರದೂ ತಪ್ಪಲ್ಲ. ಆದರೆ ಆಕ್ಸಿಲರೇಟರ್ ಪೂರ್ತಿ ಮುಚ್ಚಿದೆ ಎಂದು ಕಪ್ಪು ಡಬ್ಬಿಗೆ ಗೊತ್ತಾಗುವುದು ಆ ತಿರುಪಿನಿಂದ. ಅಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು.

ಗಾಡಿ ಏನಾಯಿತೆಂದು ನೋಡಲು ಬಂದ ಸರ್ವೇಯರನಿಗೆ ಅವಳು ಅದನ್ನು ವಿವರಿಸಿದಳು. ಅವನ ಮುಖ ಕಪ್ಪಿಟ್ಟಿತು. "ಅಂದರೆ ನಮ್ಮಲ್ಲಿ ಅಳತೆಯ ಮೂಲ ಕಲ್ಲನ್ನೇ ಕಿತ್ತು ಬೇರೆ ಕಡೆ ನೆಟ್ಟ ಹಾಗೆ! ಆಮೇಲೆ ಯಾವ ಹೊಲ ಅಳೆದರೂ ತಪ್ಪೇ."

"ಹಾಗೇ," ಅಂದಳು ಅಕ್ಕ.

ವೋಲ್ಟ್‌ಮೀಟರ್ ಹಿಡಿದು ಪುಸ್ತಕದಲ್ಲಿದ್ದ ಅಂಕಿಗೆ ಆ ತಿರುಪನ್ನು ವಾಪಸು ತಂದಳು. ಬಳಿಕ ಪಕ್ಕದ ಗಾಳಿ ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಎರಡೂ ಕಡೆಯ ಎಣ್ಣೆಯನ್ನು ಒಂದೇ ಮಟ್ಟಕ್ಕೆ ತಂದಳು. ಗಾಡಿ ನಿಂತಲ್ಲೇ ಸೊಗಸಾಗಿ ಓಡಿತು. ಹತ್ತು ನಿಮಿಷ. ಇಂಜಿನ್ನು ಬಿಸಿಯಾದದ್ದೇ ತಡ, ಯಾರೋ ಗಿಲ್ಲಿದ ಹಾಗೆ ರೇಸ್ ಏರಿತು. ಆರಿಸಿ ತಣ್ಣಗಾಗಿಸಿ ಮತ್ತೆ ಮಾಡಿದಳು. ಮತ್ತೆ ಅದೇ. ಐದನೇ ದಿನ ಮಧ್ಯಾಹ್ನ ಕೈಚೆಲ್ಲಿ ನೆಲದ ಮೇಲೆ ಕೂತುಬಿಟ್ಟಳು.

"ಗಾಳಿ," ಅಂದ ಮೇಸ್ತ್ರಿ, ಗೋಡೆಗೆ ಹೇಳುವವನ ಹಾಗೆ.

ಅಕ್ಕ ತಲೆ ಎತ್ತಿದಳು.

"ಎಲ್ಲಿಂದಲೋ ಕಳ್ಳಗಾಳಿ ಎಳೀತಿದೆ. ತಣ್ಣಗಿದ್ದಾಗ ರಬ್ಬರ್ ಬಿಗಿಯಾಗಿರತ್ತೆ. ಬಿಸಿಯಾದರೆ ಬಾಯಿ ಬಿಡತ್ತೆ."

ಅವನು ಎದ್ದು ಎಣ್ಣೆ ಹಾಕುವ ಕೊಕ್ಕಿನ ಡಬ್ಬಿಯಲ್ಲಿ ನೀರು ತುಂಬಿಕೊಂಡು ಬಂದ. ಗಂಟಲಿಗೂ ಇಂಜಿನ್ನಿಗೂ ನಡುವಿನ ರಬ್ಬರ್ ಕೊರಳಿನ ಸುತ್ತ ಹನಿಹನಿ ಬಿಟ್ಟ. ಬಲಗಡೆ ಏನೂ ಆಗಲಿಲ್ಲ. ಎಡಗಡೆ ಅಡಿಯಲ್ಲಿ ಹನಿ ಬಿದ್ದ ಕ್ಷಣ ಇಂಜಿನ್ನಿನ ಸದ್ದು ತಗ್ಗಿತು, ಒಂದು ಗಳಿಗೆ ಸಮವಾಯಿತು, ಮತ್ತೆ ಏರಿತು.

"ಕೇಳಿಸ್ತಾ?" ಅಂದ.

"ಕೇಳಿಸ್ತು," ಅಂದಳು.

ಐದು ದಿನ ಎಳೆದುಕೊಂಡು ಬಂದಿದ್ದ ಜಗಳ ಅಲ್ಲಿಗೆ ಮುಗಿಯಿತು. ರಬ್ಬರ್ ಬಿಚ್ಚಿ ಬೆಳಕಿಗೆ ಹಿಡಿದು ಬಗ್ಗಿಸಿದರೆ ಅಡಿಯಲ್ಲಿ ಕೂದಲಿನಷ್ಟು ತೆಳ್ಳನೆ ಬಿರುಕು. ಮೇಸ್ತ್ರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಕಾರ್ಬುರೇಟರ್ ಆಗಲಿ, ಇಂಜೆಕ್ಷನ್ ಆಗಲಿ, ಇಂಜಿನ್ನು ಕುಡಿಯೋದು ಗಾಳೀನೇ ತಾನೇ," ಅಂದ. ಕಳೆದುಹೋಗಿದ್ದ ಏನೋ ವಾಪಸು ಸಿಕ್ಕವನ ಹಾಗಿತ್ತು ಅವನ ದನಿ.

ಹೊಸ ರಬ್ಬರ್ ಪಾರ್ಸೆಲ್ಲಿನಲ್ಲಿ ಬರಲು ಮತ್ತೆ ಎಂಟು ದಿನ ಹಿಡಿಯಿತು. ಎಲ್ಲ ಕೂಡಿಸಿ ಚಾಲೂ ಮಾಡಿದಾಗ ಸರ್ವೇಯರ್ ಎದುರಿಗೇ ಇದ್ದ. ಗಾಡಿ ಅರ್ಧ ಗಂಟೆ ನಿಂತಲ್ಲೇ ಓಡಿತು. ಅಭ್ಯಾಸಬಲದಿಂದ ಅವನ ಬಲಗೈ ಎರಡು ಸಲ ಹ್ಯಾಂಡಲಿನ ಕಡೆ ಹೋಗಿ ಎರಡು ಸಲವೂ ವಾಪಸು ಬಂತು. ಮೇಸ್ತ್ರಿ ತಾನೇ ಒಳಗೆ ಹೋಗಿ ಚಹಾದ ಲೋಟ ತಂದು ಸೀಟಿನ ಮೇಲಿಟ್ಟ. ಸಂಜೆ ಬಾಗಿಲಿನ ಹಲಗೆ ಇಳಿಸಿದ. ಅದರ ಹಿಂಬದಿಯ ಮೇಲೆ ಅಕ್ಕನ ಎಣ್ಣೆ ಕೊಳವೆಯನ್ನು ನೆಟ್ಟಗೆ ಕಟ್ಟಿಕೊಟ್ಟವನೂ ಅವನೇ.

ಆಮೇಲಿನ ಹದಿಮೂರು ಹದಿನಾಲ್ಕು ವರ್ಷ ಆ ಶೆಡ್ಡಿನ ಚೆನ್ನಾದ ಕಾಲ. ಹೊಸ ಶೋರೂಮುಗಳಲ್ಲಿ ಹಳೇ ಇಂಜೆಕ್ಷನ್ ಗಾಡಿ ಎಂದರೆ ಮೂಗು ಮುರಿಯುತ್ತಿದ್ದರು. ಅವರ ಕಂಪ್ಯೂಟರಿನ ವೈರು ಅದಕ್ಕೆ ಹೊಂದುತ್ತಿರಲಿಲ್ಲ. ಹಾಗಾಗಿ ಸುತ್ತಲಿನ ಊರುಗಳಿಂದಲೂ ಇಲ್ಲಿಗೆ ಬರುತ್ತಿದ್ದರು. ತಣ್ಣನೆ ಇಂಜಿನ್ನು ಮೊದಲ ಸಲ ಹೇಗೆ ಏಳುತ್ತದೆ ಎಂದು ಅಕ್ಕ ಕೇಳಲೇಬೇಕು, ಆದ್ದರಿಂದ ಗಾಡಿಯನ್ನು ಹಿಂದಿನ ಸಂಜೆಯೇ ಬಿಟ್ಟುಹೋಗಬೇಕು ಎಂಬ ಕಟ್ಟುನಿಟ್ಟು. ಬೆಳಿಗ್ಗೆ ಏಳು ಗಂಟೆಗೆ ಮೇಸ್ತ್ರಿ ಸ್ವಿಚ್ ಒತ್ತುವವರೆಗೆ ಮನೆಯಲ್ಲಿ ಪಿಟಿಕ್ಕೆನ್ನುವಂತಿಲ್ಲ. ಅತ್ತೆ ಮಿಕ್ಸಿಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದಳು. "ಆಯ್ತೇನೇ ನಿನ್ನ ಕಚೇರಿ? ರುಬ್ಬಲಾ?" ಎಂದು ಕೂಗಿ ಕೇಳಿದ ಮೇಲೇ ಮಿಕ್ಸಿ ಗುರ್ ಅನ್ನುತ್ತಿದ್ದುದು.

ಒಂದು ಗಾಡಿಯ ಸಣ್ಣ ಗಾಳಿದಾರಿಯಲ್ಲಿ ಮಸಿ ಕಟ್ಟಿರುತ್ತಿತ್ತು. ಇನ್ನೊಂದರಲ್ಲಿ, ಇಂಜಿನ್ನು ಬಿಸಿಯಾಗುವವರೆಗೆ ಹೆಚ್ಚು ಗಾಳಿ ಬಿಡುವ ಮೇಣದ ಗುಂಡು ಜಡ್ಡುಗಟ್ಟಿರುತ್ತಿತ್ತು. ಎಲ್ಲ ಸರಿಮಾಡಿದ ಮೇಲೂ ಕೆಲವಕ್ಕೆ ಸಣ್ಣದೊಂದು ಏರಿಳಿತ ಉಳಿಯುತ್ತಿತ್ತು. ಅದನ್ನು ಒಪ್ಪದ ಗಿರಾಕಿಯೊಬ್ಬ ನಾಲ್ಕು ಸಲ ವಾಪಸು ಬಂದ.

"ಹೊಸ ಗಾಡಿಗಳು ಹೊಗೆಯನ್ನ ತಾವೇ ಮೂಸಿ ನೋಡಿ ಸರಿಮಾಡ್ಕೊಳ್ತವೆ," ಎಂದು ಅಕ್ಕ ಸಮಾಧಾನವಾಗಿ ಹೇಳಿದಳು. "ಇದಕ್ಕೆ ಆ ಮೂಗಿಲ್ಲ. ಒಂದು ಸಲ ಕಲಿತದ್ದನ್ನೇ ಮಾಡತ್ತೆ. ಇದು ರೋಗ ಅಲ್ಲ, ಸ್ವಭಾವ."

"ಆದರೂ ಅಕ್ಕ, ಇನ್ನೊಂದು ಚೂರು..."

"ನಿಮ್ಮನ್ನ ಮನೇಲಿ ಹೇಗೆ ಸಹಿಸ್ಕೊಂಡಿದ್ದಾರೆ ಅಂತ ಕೇಳ್ಕೊಂಡು ಬನ್ನಿ. ಆಮೇಲೆ ಮಾಡ್ತೀನಿ."

ಅವನು ಐದನೇ ಸಲ ಬರಲಿಲ್ಲ.

ಅತ್ತೆ ತೀರಿಕೊಂಡ ವರ್ಷದ ಸುಮಾರಿಗೆ ಅಕ್ಕ ಒಂದು ವಿಷಯ ಗಮನಿಸಿದಳು. ಮೇಸ್ತ್ರಿ ಒಂದು ಸಿಲಿಂಡರಿನ ಗಾಡಿಗಳಿಗೆ ಐಡ್ಲಿಂಗನ್ನು ಬೇಕಾದ್ದಕ್ಕಿಂತ ಹೆಚ್ಚಿಗೆ ಇಡುತ್ತಿದ್ದ. ತಿಂಗಳು ತಿಂಗಳಿಗೆ ಅದು ಏರುತ್ತಿತ್ತು. ಕೇಳಿದರೆ, "ಈಗಿನ ಸೈಲೆನ್ಸರುಗಳು ಮೆತ್ತಗೆ," ಅಂದ. ಮೆತ್ತಗಾದದ್ದು ಅವನ ಕಿವಿ. ನಲವತ್ತು ವರ್ಷ ಇಂಜಿನ್ನುಗಳ ಪಕ್ಕದಲ್ಲಿ ಕೂತು ಕಿವಿ ಸವೆದಿತ್ತು. ಗಿರಾಕಿಗಳು ಬಾಯಿಗೆ ಕೈ ಅಡ್ಡ ಹಿಡಿದು ಕೂಗಬೇಕಾಯಿತು. ಅಕ್ಕ ಮಾತ್ರ ದನಿ ಏರಿಸಲಿಲ್ಲ. ಎಕ್ಸ್‌ಚೇಂಜಿನಲ್ಲಿ ಕಲಿತಿದ್ದ ಹಾಗೆ ಒಂದೊಂದು ಅಕ್ಷರವನ್ನೂ ಬಿಡಿಸಿ, ಮಟ್ಟಸವಾಗಿ ಹೇಳುತ್ತಿದ್ದಳು. ಅದು ಅವನಿಗೆ ಕೇಳಿಸುತ್ತಿತ್ತು. ಕೊನೆಕೊನೆಗೆ ಅದೊಂದೇ ಕೇಳಿಸುತ್ತಿದ್ದುದು.

ಅವನು ಟ್ಯಾಂಕಿನ ಮೇಲೆ ಅಂಗೈ ಊರಿ ಅವಳ ಮುಖ ನೋಡುತ್ತಿದ್ದ. "ಇನ್ನೂ ಕಾಲು ಸುತ್ತು," ಎಂದು ಅವಳು ಹೇಳುತ್ತಿದ್ದಳು. ಅವನು ತಿರುಗಿಸುತ್ತಿದ್ದ. ಸಂಜೆ ಬೀದಿಯ ಬೆಂಚಿನ ಮೇಲೆ ಕೂತಾಗ ಯಾವುದೋ ಗಾಡಿ ಹಾದುಹೋದರೆ ಮೊಣಕೈಯಿಂದ ತಿವಿದು ಕೇಳುವನು: "ಅದು ಹೇಗಿದೆ, ಹೇಳು." ಅವಳು ಹೇಳುವಳು. ಒಮ್ಮೆ ಉದ್ದ ಮೆಟ್ಟಿಲು ಹತ್ತಿ ಬಂದವರ ಉಸಿರಿನ ಹಾಗೆ ಅನ್ನುವಳು, ಒಮ್ಮೆ ಹೊಲಿಗೆ ಯಂತ್ರದ ಹಾಗೆ ಅನ್ನುವಳು. ಅವನು ಹೂಂ, ಹೂಂ ಎಂದು ತಲೆಯಾಡಿಸುತ್ತಾ ಕೇಳುವನು. ಆ ಸಂಜೆಗಳನ್ನು ಅಕ್ಕ ಈಗಲೂ ಎಲ್ಲಕ್ಕಿಂತ ಹೆಚ್ಚಾಗಿ ನೆನೆಯುತ್ತಾಳೆ.

ಒಂದು ಮಧ್ಯಾಹ್ನ ಊಟ ಮಾಡಿ ಅದೇ ಬೆಂಚಿನ ಮೇಲೆ ಅಡ್ಡಾದ ಮೇಸ್ತ್ರಿ ಏಳಲಿಲ್ಲ.

ನಾಲ್ಕು ತಿಂಗಳು ಶಟರ್ ಮುಚ್ಚಿಯೇ ಇತ್ತು. ಬಂದವರು ಶಟರ್ ನೋಡಿ, ಒಂದು ಗಳಿಗೆ ನಿಂತು, ಹೊರಟುಹೋಗುತ್ತಿದ್ದರು. ಅಡುಗೆಮನೆಯಿಂದ ಶೆಡ್ಡಿಗೆ ಹೋಗುವ ಬಾಗಿಲಿಗೆ ಅಕ್ಕ ಒಂದು ಕುರ್ಚಿ ಅಡ್ಡ ಇಟ್ಟಿದ್ದಳು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ.

ಆಗಲೇ ಎದುರು ಬದಿಯ ಕಿರಾಣಿ ಅಂಗಡಿಗೆ ಬ್ರೆಡ್ಡು ತರುವವಳೊಬ್ಬಳು ಹೊಸದಾಗಿ ಬರತೊಡಗಿದಳು. ದಿನಾ ಬೆಳಿಗ್ಗೆ ಏಳೂವರೆಗೆ ಹಳೇ ಇಂಜೆಕ್ಷನ್ ಗಾಡಿಯೊಂದನ್ನು ಆರಿಸದೆ ನಿಲ್ಲಿಸಿ, ಹಿಂದಿನ ಪೆಟ್ಟಿಗೆಯಿಂದ ಬ್ರೆಡ್ಡು ಇಳಿಸುವಳು. ಗಾಡಿ ಎರಡು ಸಲ ಸಾಯಲು ಹೋಗಿ ಬದುಕುವುದು, ಮೂರನೇ ಸಲ ಸತ್ತೇಹೋಗುವುದು. ಅಕ್ಕ ಪಾತ್ರೆ ತೊಳೆಯುತ್ತಾ ಕೇಳಿಸಿಕೊಂಡಳು. ಕೇಳಬಾರದೆಂದು ನಲ್ಲಿ ಜೋರಾಗಿ ಬಿಟ್ಟಳು. ಆದರೂ ಕೇಳಿಸಿತು. ಒಂದು ವಾರ ತಡೆದುಕೊಂಡು, ಎಂಟನೇ ದಿನ ಒದ್ದೆ ಕೈಯಲ್ಲೇ ಬೀದಿ ದಾಟಿದಳು.

"ಅಮ್ಮಾ, ನಿಮ್ಮ ಗಾಡಿ ಎಡಗಡೆ ಗಾಳಿದಾರೀಲಿ ಮಸಿ ಕಟ್ಟಿದೆ. ನಾಳೆವರೆಗೆ ಬಿಟ್ಟು ಹೋಗ್ತೀರಾ?"

ಬ್ರೆಡ್ಡಿನವಳು ಬೆರಗಾಗಿ ನೋಡಿದಳು. "ನಿಮಗೆ ಹೇಗೆ ಗೊತ್ತಾಯ್ತು?"

"ಕೇಳಿಸ್ತು."

ಬ್ರೆಡ್ಡಿನವಳು ಅರ್ಧ ನಂಬಿ, ಅರ್ಧ ನಂಬದೆ ಬೀಗದಕೈ ಕೊಟ್ಟಳು. ಅಕ್ಕ ಶಟರ್ ಎತ್ತಿದಳು. ಒಳಗೆ ಎಲ್ಲದರ ಮೇಲೂ ಧೂಳು. ಧೂಳಿನ ಕಡೆ ನೋಡದೆ ಗಾಡಿ ಬಿಚ್ಚಿದಳು. ಎಡಗಡೆಯ ಗಾಳಿದಾರಿ ಕನ್ನಡಿಯಂತೆ ಸ್ವಚ್ಛವಾಗಿತ್ತು. ಬಲಗಡೆಯದೂ ಹಾಗೇ. ರಬ್ಬರ್ ಸರಿ, ಕೊಳವೆಗಳು ಸರಿ, ಬಿಳಿ ಚುಕ್ಕೆ ಒಡೆದಿಲ್ಲ. ಎಣ್ಣೆ ಎರಡೂ ಕಡೆ ಒಂದೇ ಮಟ್ಟ. ಮಧ್ಯಾಹ್ನವಾಯಿತು. ಊಟ ಮರೆತಳು. ಇಷ್ಟು ಕಾಲದ ನಂತರ ಕಿವಿಯೇ ಕೈಕೊಟ್ಟಿತೇ?

ಕೊನೆಗೆ ಸೀಟು ಎತ್ತಿ ಬ್ಯಾಟರಿ ನೋಡಿದಳು. ತಂತಿಯ ತುದಿಗೆ ಹಸಿರು ಬಿಳಿ ಪುಡಿ ಕಟ್ಟಿ, ನಟ್ಟು ಸಡಿಲವಾಗಿ, ಬೆರಳಲ್ಲಿ ಮುಟ್ಟಿದರೆ ಅಲುಗಾಡುತ್ತಿತ್ತು. ಕರೆಂಟು ನೆಟ್ಟಗೆ ಸಿಗದಿದ್ದರೆ ಆ ಕಾಲದ ಇಂಜೆಕ್ಷನ್ನು ನಿಂತಲ್ಲಿ ತಡವರಿಸುತ್ತದೆ. ನಟ್ಟು ಬಿಗಿಮಾಡಲು ಎರಡು ನಿಮಿಷ ಸಾಕಾಗಿತ್ತು. ಅವನಿದ್ದಿದ್ದರೆ ಏನನ್ನುತ್ತಿದ್ದ ಎಂಬುದು ಅವಳಿಗೆ ಥಟ್ಟನೆ ಹೊಳೆಯಿತು: "ಮೊದಲು ಬ್ಯಾಟರಿ ನೋಡೇ ಮಾರಾಯ್ತಿ, ಆಮೇಲೆ ನಿನ್ನ ಕಿವಿ!" ಅಕ್ಕ ಆ ಖಾಲಿ ಶೆಡ್ಡಿನಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಬಹಳ ಹೊತ್ತು ನೀರು ಮಾತ್ರ ಬಂತು.

ಮಾರನೇ ಬೆಳಿಗ್ಗೆ ಬ್ರೆಡ್ಡಿನವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ನಾನು ಹೇಳಿದ್ದು ತಪ್ಪಾಯ್ತು. ಬ್ಯಾಟರಿ ನಟ್ಟು ಸಡಿಲ ಇತ್ತು, ಅಷ್ಟೆ."

ಬ್ರೆಡ್ಡಿನವಳು ಗಾಡಿ ಚಾಲೂ ಮಾಡಿ, ಕೈ ಬಿಟ್ಟು ಸ್ವಲ್ಪ ಹೊತ್ತು ಕೇಳಿದಳು. "ತಪ್ಪಾದರೂ ಸರಿ ಆಯ್ತಲ್ಲ. ಅಂಗಡಿ ಇವತ್ತಿಂದ ತೆರೀತೀರಾ?"

"ನಾಳೆಯಿಂದ," ಅಂದಳು ಅಕ್ಕ. "ಇವತ್ತು ಗುಡಿಸಬೇಕು."

ಅವತ್ತಿಡೀ ಗುಡಿಸಿದಳು. ಡಬ್ಬಿಗಳಲ್ಲಿ ಬೆರೆತುಹೋಗಿದ್ದ ವಾಷರುಗಳನ್ನು ಅಳತೆಯ ಪ್ರಕಾರ ವಿಂಗಡಿಸಿದಳು. ಕಿಟಕಿಯ ಗಾಜು ಒರೆಸಿದಳು. ಮಾರನೇ ದಿನ ಶಟರ್ ಎತ್ತಿ ಮೇಜಿನ ಹಿಂದೆ ಕೂತಾಗ ಮೊದಲು ಬಂದವನು ಪಂಕ್ಚರಾದ ಗಾಡಿಯವನು. ಅವನಿಗೆ ಮೂಲೆಯ ಪಂಕ್ಚರ್ ಅಂಗಡಿ ತೋರಿಸಿ ಕಳಿಸಿ, ದೂರು ಬರೆಯುವ ಪುಸ್ತಕದ ಹೊಸ ಹಾಳೆ ತೆರೆದು ತಾರೀಖು ಬರೆದಳು.